ಕ್ಯಾರವಾನ್ ಮೂವರ್‌ಗೆ ಯಾವ ಬ್ಯಾಟರಿ? ಏರಿನಲ್ಲಿ ಅರ್ಧಕ್ಕೇ ನಿಂತುಬಿಡುತ್ತಿದೆ

ತುಮಕೂರು ಟು ಡರ್ಬಿ

ಎಲ್ಲರಿಗೂ ನಮಸ್ಕಾರ. ಇಂಗ್ಲೆಂಡಿನಲ್ಲಿ ಕ್ಯಾರವಾನ್ (ಕಾರಿನ ಹಿಂದೆ ಕಟ್ಟಿ ಎಳೆಯುವ ಚಕ್ರದ ಮನೆ) ಇಟ್ಟುಕೊಂಡಿರುವ ಕನ್ನಡದವರು ಎಷ್ಟು ಜನ ಇದ್ದೀರೋ ಗೊತ್ತಿಲ್ಲ, ಒಬ್ಬರಿದ್ದರೂ ಸಾಕು, ದಯವಿಟ್ಟು ಉತ್ತರ ಕೊಡಿ.

ಕಳೆದ ಬೇಸಿಗೆಯಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಕ್ಯಾರವಾನ್ ತಗೊಂಡೆವು. ನಾಲ್ಕು ಜನ ಮಲಗಬಹುದು, ಒಂದೇ ಆಕ್ಸಲ್, ಪ್ಲೇಟಿನ ಮೇಲೆ ಗರಿಷ್ಠ ತೂಕ 1,450 ಕೆಜಿ ಅಂತ ಇದೆ. ನಾನು ಇಲ್ಲಿ ಲೈಸೆನ್ಸ್ ಮಾಡಿಸಿದ್ದು 2012ರಲ್ಲಿ. ನಮ್ಮ ಕಾರು, ಕ್ಯಾರವಾನ್ ಎರಡೂ ಸೇರಿದರೆ 3,500 ಕೆಜಿ ದಾಟುತ್ತದೆ, ಆಗೆಲ್ಲ ಅದಕ್ಕೆ ಇನ್ನೊಂದು ಟೆಸ್ಟ್ ಪಾಸ್ ಮಾಡಬೇಕಿತ್ತು, ಹಾಗಾಗಿ ಇದು ನಮಗಲ್ಲ ಅಂತ ಸುಮ್ಮನಿದ್ದೆ. 2021ರ ಡಿಸೆಂಬರ್‌ನಲ್ಲಿ ಆ ಟೆಸ್ಟ್ ತೆಗೆದುಹಾಕಿದರಲ್ಲ, ಆವತ್ತಿಂದ ಮನೆಯಲ್ಲಿ ಶುರುವಾದ ಮಾತು ಕೊನೆಗೆ ಇಲ್ಲಿಗೆ ತಂದು ನಿಲ್ಲಿಸಿದೆ.

ನಮ್ಮ ಮನೆ ಮುಂದಿನ ರಸ್ತೆ ಚಿಕ್ಕದು. ಗೇಟಿನಿಂದ ಮನೆಯವರೆಗೆ ಏರು ಬೇರೆ, ಅಳೆದು ನೋಡಿದೆ, ಆರು ಅಡಿಗೆ ಒಂದು ಅಡಿ ಏರುತ್ತದೆ. ಕಾರಿನಿಂದ ರಿವರ್ಸ್ ತಳ್ಳಿಕೊಂಡು ಹೋಗೋಕೆ ಆಗೋದೇ ಇಲ್ಲ. ಪುಣ್ಯಕ್ಕೆ ಹಿಂದಿನ ಮಾಲೀಕರು ಮೂವರ್ ಹಾಕಿಸಿದ್ದರು. ಗೊತ್ತಿಲ್ಲದವರಿಗೆ ಹೇಳ್ತೀನಿ, ಎರಡು ಟೈರಿಗೂ ಒಂದೊಂದು ರೋಲರ್ ಒತ್ತಿಕೊಳ್ಳುತ್ತದೆ, ಒಂದೊಂದಕ್ಕೂ 12 ವೋಲ್ಟ್ ಮೋಟಾರ್ ಇರುತ್ತದೆ, ನಾವು ರಿಮೋಟ್ ಹಿಡಿದುಕೊಂಡು ಪಕ್ಕದಲ್ಲಿ ನಡೆದರೆ ಕ್ಯಾರವಾನ್ ಆಮೆ ಥರ ತಾನೇ ಹೋಗುತ್ತದೆ.

ಸಮಸ್ಯೆ ಇಷ್ಟೇ. ಸಮತಟ್ಟಿನಲ್ಲಿ ಚೆನ್ನಾಗಿ ಹೋಗುತ್ತದೆ. ಗೇಟಿನ ಹತ್ತಿರ ಒಂದು ಚಿಕ್ಕ ಮೆಟ್ಟಿಲಿನಂಥ ಅಂಚು ಇದೆ, ಅದನ್ನು ಹತ್ತಿ ಏರಿನಲ್ಲಿ ನಾಲ್ಕು ಅಡಿ ಹೋಗುವಷ್ಟರಲ್ಲಿ ಟೀಂ ಟೀಂ ಅಂತ ಶಬ್ದ ಮಾಡಿ ನಿಂತುಬಿಡುತ್ತದೆ. ಎರಡು ನಿಮಿಷ ಬಿಟ್ಟರೆ ಮತ್ತೆ ಎರಡು ಅಡಿ. ಹೋದ ಭಾನುವಾರ ಅರ್ಧ ಫುಟ್‌ಪಾತ್ ಮೇಲೆ, ಅರ್ಧ ಒಳಗೆ ನಿಂತಿತು. ಅಕ್ಕಪಕ್ಕದ ಮನೆಯ ನಾಲ್ಕು ಜನ ಬಂದು ತಳ್ಳಿದರು. ನಾನು ಹಿಂದೆ ಚಕ್ರಕ್ಕೆ ಮರದ ತುಂಡು ಕೊಡ್ತಾ ಬಂದೆ, ನಮ್ಮೂರ ಜಾತ್ರೆಯ ತೇರೇ ನೆನಪಾಯ್ತು. ಒಂದು ವ್ಯತ್ಯಾಸ, ಇಲ್ಲಿ ಬಾಳೆಹಣ್ಣು ಎಸೆಯೋಕೆ ಯಾರೂ ಇರಲಿಲ್ಲ.

ಈಗಿರೋದು 85 ಆಂಪ್ ಅವರ್ ಲೆಜರ್ ಬ್ಯಾಟರಿ (ಒಳಗಿನ ಲೈಟು, ನೀರಿನ ಪಂಪು, ಮೂವರ್ ಎಲ್ಲ ಇದರಿಂದಲೇ), ವಯಸ್ಸು ಗೊತ್ತಿಲ್ಲ. ಒಂದು ಅಂಗಡಿಯಲ್ಲಿ 110 ಹಾಕಿ ಎಲ್ಲ ಸರಿಹೋಗುತ್ತೆ ಅಂದರು. ಇನ್ನೊಂದು ಕಡೆ ಲಿಥಿಯಂ ಹೊರತು ಬೇರೆ ಏನೂ ತಗೋಬೇಡಿ ಅಂದರು. ಊರಲ್ಲಿರುವ ನನ್ನ ಭಾವಮೈದ ಫೋನಿನಲ್ಲಿ, ಯುಪಿಎಸ್‌ಗೆ ಹಾಕ್ತೀವಲ್ಲ 150ರ ಟ್ಯೂಬುಲರ್, ಅದನ್ನೇ ಹಾಕಿ ಭಾವ, ಜನ್ಮಕ್ಕೆ ಸಾಕು ಅಂತಿದ್ದಾನೆ. ನನಗೆ ತಲೆ ಕೆಟ್ಟಿದೆ. ಮೇ ತಿಂಗಳ ಕೊನೆಗೆ ಮಕ್ಕಳಿಗೆ ರಜೆ, ಅಷ್ಟರಲ್ಲಿ ಸರಿ ಮಾಡಬೇಕು. 150 ಪೌಂಡ್ ಆಸುಪಾಸಿನಲ್ಲಿ ಮುಗಿದರೆ ಸಂತೋಷ.

ಲೀಡ್ಸ್ ಹುಡುಗ

ಲಿಥಿಯಂ ಹಾಕಿ ಸಾರ್, ಮರೆತುಬಿಡಿ. ನಾನು 100ರದ್ದು ಹಾಕಿ ಎರಡು ವರ್ಷ ಆಯ್ತು. ಒಂದೇ ಕೈಯಲ್ಲಿ ಎತ್ತಬಹುದು, 11 ಕೆಜಿ ಅಷ್ಟೇ. ಸೀಸದ ಬ್ಯಾಟರಿ ಎಲ್ಲ ಹಳೇ ಕಾಲದ್ದು.

ವೈಂಡಿಂಗ್ ಅಂಗಡಿ

ಡರ್ಬಿ ಅಣ್ಣ, ದುಡ್ಡು ಬಿಚ್ಚುವ ಮುಂಚೆ ಸ್ವಲ್ಪ ತಡೀರಿ.

ಮೊದಲ ಪ್ರಶ್ನೆ, ಏರು ಹತ್ತಿಸುವಾಗ ಕ್ಯಾರವಾನಿನ ಹ್ಯಾಂಡ್‌ಬ್ರೇಕ್ ಪೂರ್ತಿ ಬಿಟ್ಟಿರ್ತೀರಾ? ನಗಬೇಡಿ. ಏರಿನಲ್ಲಿ ಭಯಕ್ಕೆ ಅರ್ಧ ಎಳೆದುಕೊಂಡೇ ಮೂವರ್ ಓಡಿಸಿದವರನ್ನು ನೋಡಿದ್ದೇನೆ. ರೋಲರ್ ಟೈರಿಗೆ ಒತ್ತಿಕೊಂಡಿದ್ದರೆ ಅದೇ ಹಿಡಿದುಕೊಳ್ಳುತ್ತದೆ, ಬ್ರೇಕ್ ಬೇಕಾಗುವುದು ಮೂವರ್ ಬಿಡಿಸುವಾಗ. ಟೈರಿನ ಗಾಳಿಯನ್ನೂ ನೋಡಿ, ಚಳಿಗಾಲ ಪೂರ್ತಿ ನಿಂತ ಗಾಡಿಯಲ್ಲಿ ಗಾಳಿ ಇಳಿದಿರುತ್ತದೆ, ಮೆತ್ತಗಾದ ಟೈರನ್ನು ಉರುಳಿಸೋಕೆ ಜಾಸ್ತಿ ಬಲ ಬೇಕು.

ಈಗ ಬ್ಯಾಟರಿ ವಿಷಯ. ಎಲ್ಲರೂ ನಿಮಗೆ ಆಂಪ್ ಅವರ್ ಹೇಳ್ತಾ ಇದ್ದಾರೆ, 85, 100, 110, 150 ಅಂತ. ಮೂವರ್‌ಗೆ ಅದು ಮುಖ್ಯವೇ ಅಲ್ಲ. ಲೆಕ್ಕ ಹಾಕಿ ನೋಡಿ. ಹದಿನೈದು ನಿಮಿಷ ಎಡೆಬಿಡದೆ ಓಡಿಸಿದಿರಿ, ಸರಾಸರಿ 30 ಆಂಪ್ ಎಳೆಯಿತು ಅಂತ ಇಟ್ಟುಕೊಳ್ಳೋಣ, ಖರ್ಚಾಗಿದ್ದು ಏಳೂವರೆ ಆಂಪ್ ಅವರ್. ನಿಮ್ಮ 85ರಲ್ಲಿ ಹತ್ತನೇ ಒಂದು ಪಾಲೂ ಇಲ್ಲ. ಹಾಗಾದರೆ ಯಾಕೆ ನಿಂತಿತು? ಯಾಕಂದ್ರೆ ಏರಿನಲ್ಲಿ ಅದು 30 ಎಳೆಯೋದಿಲ್ಲ. ಆರಕ್ಕೆ ಒಂದು ಏರು, 1,450 ಕೆಜಿ ಗಾಡಿ ಅಂದ್ರೆ ಅದರ ತೂಕವೇ ಸುಮಾರು 240 ಕೆಜಿಯಷ್ಟು ಬಲದಲ್ಲಿ ಹಿಂದಕ್ಕೆ ಜಗ್ಗುತ್ತಿರುತ್ತದೆ. ಸಮತಟ್ಟಿನಲ್ಲಿ 20 ರಿಂದ 40 ಆಂಪ್‌ನಲ್ಲಿ ಹೋಗುವ ಮೂವರ್ ಅಂಥ ಕಡೆ 100 ಮುಟ್ಟುತ್ತದೆ, ಆ ಗೇಟಿನ ಅಂಚು ಹತ್ತುವ ಕ್ಷಣದಲ್ಲಿ ದಾಟಲೂಬಹುದು. ಬ್ಯಾಟರಿ ಅಷ್ಟು ಕರೆಂಟನ್ನು ಒಂದೇ ಸಲ ಕೊಡಬೇಕು, ಕೊಡುವಾಗ ಅದರ ವೋಲ್ಟೇಜ್ ಕುಸಿಯಬಾರದು. ಮನೆ ಮೇಲೆ ಸಾವಿರ ಲೀಟರ್ ಟ್ಯಾಂಕ್ ಇದ್ದರೂ ಕೆಳಗೆ ಬರುವ ಪೈಪು ಅರ್ಧ ಇಂಚಿನದಾದರೆ ಬಕೆಟ್ ಬೇಗ ತುಂಬುತ್ತಾ? ಆಂಪ್ ಅವರ್ ಅನ್ನೋದು ಟ್ಯಾಂಕು. ನಿಮಗೆ ಬೇಕಾಗಿರೋದು ದಪ್ಪ ಪೈಪು.

ನಾನು ಅರಸೀಕೆರೆಯಲ್ಲಿ ಮೋಟಾರ್ ವೈಂಡಿಂಗ್ ಮಾಡಿಕೊಂಡಿದ್ದವನು. ಬೇಸಿಗೆಯಲ್ಲಿ ಊರವರೆಲ್ಲ ಒಟ್ಟಿಗೆ ಪಂಪ್‌ಸೆಟ್ ಹಾಕಿದಾಗ ವೋಲ್ಟೇಜ್ ಇಳಿದು, ಮೋಟಾರ್ ಗುಂಯ್ ಅಂತ ಕೂತು, ಸ್ಟಾರ್ಟರ್ ಟಪ್ ಅಂತ ಬೀಳುತ್ತಿತ್ತಲ್ಲ, ನಿಮ್ಮದೂ ಅದೇ ಕಾಯಿಲೆ. ವೋಲ್ಟೇಜ್ ಸುಮಾರು 10ರ ಹತ್ತಿರಕ್ಕೆ ಬಂದರೆ ಮೂವರಿನ ಕಂಟ್ರೋಲ್ ಬಾಕ್ಸ್ ತಾನಾಗಿಯೇ ನಿಲ್ಲಿಸಿ ಟೀಂ ಟೀಂ ಅನ್ನುತ್ತದೆ. ಎರಡು ನಿಮಿಷ ಬಿಟ್ಟಾಗ ಬ್ಯಾಟರಿ ಸ್ವಲ್ಪ ಚೇತರಿಸಿಕೊಂಡಿರುತ್ತದೆ, ಅದಕ್ಕೇ ಮತ್ತೆ ಎರಡು ಅಡಿ.

ಒಂದು ಮಲ್ಟಿಮೀಟರ್ ತಗೊಳ್ಳಿ, ಹತ್ತು ಪೌಂಡಿನದು ಸಾಕು. ಮೂರು ಅಳತೆ ಬೇಕು ನನಗೆ. ಚಾರ್ಜರ್ ತೆಗೆದು ರಾತ್ರಿ ಬಿಟ್ಟು ಬೆಳಿಗ್ಗೆ ಬ್ಯಾಟರಿ ತುದಿಯಲ್ಲಿ ಎಷ್ಟಿದೆ. ಏರು ಹತ್ತುವಾಗ ಅದೇ ಬ್ಯಾಟರಿ ತುದಿಯಲ್ಲಿ ಎಷ್ಟಿದೆ. ಏರು ಹತ್ತುವಾಗಲೇ ಕಂಟ್ರೋಲ್ ಬಾಕ್ಸಿಗೆ ಬರುವ ದಪ್ಪ ವೈರಿನ ತುದಿಯಲ್ಲಿ ಎಷ್ಟಿದೆ. ಒಬ್ಬರು ರಿಮೋಟ್ ಹಿಡಿಯಲಿ, ಒಬ್ಬರು ಮೀಟರ್ ಹಿಡಿಯಲಿ. ಗಾಡಿಯ ಹಿಂದೆ ಇಳಿಜಾರಿನಲ್ಲಿ ಮಾತ್ರ ಯಾರೂ ನಿಲ್ಲಬೇಡಿ. ಮಕ್ಕಳನ್ನು ಒಳಗೆ ಕಳಿಸಿ.

ಮತ್ತೆ ಭಾವಮೈದನಿಗೆ ಹೇಳಿ, ಟ್ಯೂಬುಲರ್ ಒಳ್ಳೇ ಬ್ಯಾಟರಿ, ಆದರೆ ಅದು ಫ್ಯಾನು, ಲೈಟಿಗೆ ನಿಧಾನಕ್ಕೆ ಗಂಟೆಗಟ್ಟಲೆ ಕೊಡೋಕೆ ಮಾಡಿದ್ದು. ಐವತ್ತು ಕೆಜಿಗೂ ಮೇಲೆ ತೂಗುತ್ತದೆ, ಎತ್ತರ ಜಾಸ್ತಿ, ನಿಮ್ಮ ಬ್ಯಾಟರಿ ಡಬ್ಬದೊಳಗೆ ಕೂರೋದೇ ಇಲ್ಲ. ನಿಂತಲ್ಲೇ ಇರುವ ವಸ್ತು ಅದು, ಗುಂಡಿ ಬಿದ್ದ ರಸ್ತೆಯಲ್ಲಿ ಕುಲುಕಿಸಿಕೊಂಡು ಹೋಗುವಂಥದ್ದಲ್ಲ.

ತುಮಕೂರು ಟು ಡರ್ಬಿ

ಸಾರ್, ಇಷ್ಟು ಬಿಡಿಸಿ ಹೇಳಿದ್ದಕ್ಕೆ ತುಂಬಾ ಥ್ಯಾಂಕ್ಸ್. ಹ್ಯಾಂಡ್‌ಬ್ರೇಕ್ ವಿಷಯ ಓದಿ ನನ್ನ ಹೆಂಡತಿ ನನ್ನ ಮುಖ ನೋಡಿದಳು. ಒಂದು ಸಲ ಹಾಗೆ ಆಗಿತ್ತು, ಒಪ್ಪಿಕೊಳ್ತೀನಿ. ಆದರೆ ಹೋದ ಭಾನುವಾರ ಬಿಟ್ಟಿದ್ದೆ, ದೇವರಾಣೆ. ಗಾಳಿ ನಿಜಕ್ಕೂ ಕಮ್ಮಿ ಇತ್ತು, ತುಂಬಿಸಿದೆ.

ಇವತ್ತು ಅಳೆದೆವು. ಬೆಳಿಗ್ಗೆ ಸುಮ್ನೆ ಇದ್ದಾಗ 12.6. ಏರಿನಲ್ಲಿ ಬ್ಯಾಟರಿ ತುದಿಯಲ್ಲಿ 9.6. ಕಂಟ್ರೋಲ್ ಬಾಕ್ಸಿನಲ್ಲಿ 9.0. ಮೈನಸ್ ತುದಿಯಲ್ಲಿ ಹಸಿರು ಬಿಳಿ ಪುಡಿ ಕಟ್ಟಿತ್ತು, ಬಿಸಿನೀರು ಹಾಕಿ ಉಜ್ಜಿ, ಒಣಗಿಸಿ ಬಿಗಿ ಮಾಡಿದ ಮೇಲೆ ಬಾಕ್ಸಿನಲ್ಲಿ 9.2 ಆಯ್ತು. ಇನ್ನೂ ಎರಡು ಅಡಿ ಮುಂದೆ ಹೋಗಿ ನಿಂತಿತು.

12.6 ಅಂದ್ರೆ ಬ್ಯಾಟರಿ ಚೆನ್ನಾಗಿದೆ ಅಂತಲ್ವಾ? ಅಂಗಡಿಯವರೂ ಮೀಟರ್ ಇಟ್ಟು ನೋಡಿ ಫುಲ್ ಇದೆ ಅಂದಿದ್ದರು.

ಇನ್ನೊಂದು ಮೂರ್ಖ ಪ್ರಶ್ನೆ. ಮನೆಯಿಂದ ಕರೆಂಟ್ ವೈರ್ ಎಳೆದು ಕ್ಯಾರವಾನಿಗೆ ಚುಚ್ಚಿಟ್ಟು ಮೂವರ್ ಓಡಿಸಿದರೆ ಬ್ಯಾಟರಿಯ ಹಂಗೇ ಇಲ್ಲದೆ ನಡೆಯಲ್ವಾ?

ವೈಂಡಿಂಗ್ ಅಂಗಡಿ

ಮೂರ್ಖ ಪ್ರಶ್ನೆ ಏನಲ್ಲ, ಎಲ್ಲರೂ ಕೇಳೋದೇ. ಕ್ಯಾರವಾನಿನ ಒಳಗಿರುವ ಚಾರ್ಜರ್ ಕೊಡುವುದು ಹತ್ತೋ ಇಪ್ಪತ್ತೋ ಆಂಪ್. ಮೋಟಾರ್ ಕೇಳ್ತಾ ಇರೋದು ನೂರು. ಉಳಿದಿದ್ದು ಬ್ಯಾಟರಿಯಿಂದಲೇ ಬರಬೇಕು. ಮೇಲಾಗಿ ಗಾಡಿ ಚಲಿಸುವಾಗ ಆ ವೈರ್ ಚಕ್ರಕ್ಕೆ ಸಿಕ್ಕಿದರೆ ಕಥೆ ಮುಗೀತು. ಮಾಡಬೇಡಿ.

12.6 ಅನ್ನೋದು ಮಲಗಿರುವ ಮನುಷ್ಯನ ನಾಡಿ ಹಿಡಿದು ನೋಡಿದ ಹಾಗೆ. ಮೂಟೆ ಹೊರಿಸಿದ ಮೇಲೆ ನೋಡಬೇಕು. ಒಳಗೆ ಪ್ಲೇಟುಗಳು ಸಲ್ಫೇಟ್ ಕಟ್ಟಿ ಹಳೆಯದಾದ ಹಾಗೆ ಬ್ಯಾಟರಿಯ ಒಳಗಿನ ರೆಸಿಸ್ಟೆನ್ಸ್ ಏರುತ್ತದೆ. ಸುಮ್ನೆ ಕೂತಾಗ ವೋಲ್ಟೇಜ್ ಸರಿ ತೋರಿಸುತ್ತದೆ, ಲೋಡ್ ಬಿದ್ದ ತಕ್ಷಣ ಕುಸಿಯುತ್ತದೆ. ನಿಮ್ಮದು 3 ವೋಲ್ಟ್ ಕುಸಿದಿದೆ. ಆರೋಗ್ಯವಾಗಿರುವ ಬ್ಯಾಟರಿ ಅದೇ ಏರಿನಲ್ಲಿ ಒಂದು, ಹೆಚ್ಚೆಂದರೆ ಒಂದೂವರೆ ವೋಲ್ಟ್ ಇಳಿಯಬೇಕು. ಹಾಗಾಗಿ ನಿಮ್ಮ 85ಕ್ಕೆ ಕಾಲ ಮುಗಿದಿದೆ. 85 ಆಗಿದ್ದಕ್ಕಲ್ಲ, ಮುದಿಯಾಗಿದ್ದಕ್ಕೆ.

ಇನ್ನು ಬ್ಯಾಟರಿಯಿಂದ ಬಾಕ್ಸಿಗೆ ಬರುವಾಗ 0.6 ವೋಲ್ಟ್ ಹೋಗ್ತಾ ಇತ್ತು, ಉಜ್ಜಿದ ಮೇಲೆ 0.4 ಆಯ್ತು ಅಂತ ಕಾಣುತ್ತೆ. ಅದು ಪರವಾಗಿಲ್ಲ. 25 ಚದರ ಮಿಲಿಮೀಟರ್ ವೈರ್ ಆಗಿದ್ದು, ಹೋಗಿ ಬರುವ ಉದ್ದ ಸೇರಿ ಏಳೆಂಟು ಮೀಟರ್ ಇದ್ದರೆ ನೂರು ಆಂಪ್‌ಗೆ ಅಷ್ಟು ಹೋಗೇ ಹೋಗುತ್ತದೆ. ವೈರ್ ಮೇಲೆ ಎಷ್ಟು ಅಂತ ಅಚ್ಚಾಗಿರುತ್ತದೆ, ನೋಡಿ. 16 ಇದ್ದರೆ ಮಾತ್ರ ಬದಲಿಸೋದು ಒಳ್ಳೇದು. ಫ್ಯೂಸಿಗೆ ಕೈ ಹಾಕಬೇಡಿ, ಮೂವರ್ ಕಂಪನಿ ಎಷ್ಟು ಹೇಳಿದೆಯೋ ಅಷ್ಟೇ ಇರಲಿ.

ಈಗ ಏನು ಕೊಳ್ಳಬೇಕು. ಲೇಬಲ್ ಮೇಲೆ ಸಿಸಿಎ ಅಂತ ಇನ್ನೊಂದು ಅಂಕಿ ಇರುತ್ತದೆ. ಕೋಲ್ಡ್ ಕ್ರ್ಯಾಂಕಿಂಗ್ ಆಂಪ್ಸ್, ಅಂದ್ರೆ ಚಳಿಯಲ್ಲಿ ಎಂಜಿನ್ ಸ್ಟಾರ್ಟ್ ಮಾಡೋಕೆ ಒಂದೇ ಸಲಕ್ಕೆ ಎಷ್ಟು ಕರೆಂಟ್ ತಳ್ಳಬಲ್ಲದು ಅಂತ. ಮೂವರ್‌ಗೆ ಅದು ಜಾಸ್ತಿ ಇರಬೇಕು. ಕೆಲವು ಅಗ್ಗದ ಲೆಜರ್ ಬ್ಯಾಟರಿಗಳಲ್ಲಿ ಸಿಸಿಎ ಬರೆದೇ ಇರೋದಿಲ್ಲ, ಅಂಥದ್ದನ್ನು ನಾನು ಮುಟ್ಟೋದಿಲ್ಲ. ಹಾಗಂತ ಕಾರಿನ ಸ್ಟಾರ್ಟರ್ ಬ್ಯಾಟರಿ ಹಾಕಿದರೂ ಬಾಳಲ್ಲ. ಅದು ಒಂದು ಕ್ಷಣ ಕೊಟ್ಟು ತಕ್ಷಣ ತುಂಬಿಸಿಕೊಳ್ಳೋಕೆ ಮಾಡಿದ್ದು, ರಾತ್ರಿಯಿಡೀ ಲೈಟು, ನೀರಿನ ಪಂಪು ನಡೆಸಿ ಅರ್ಧ ಖಾಲಿ ಮಾಡಿದರೆ ನಾಲ್ಕು ತಿಂಗಳಿಗೇ ಕೈ ಎತ್ತುತ್ತದೆ. ಎರಡೂ ಕೆಲಸಕ್ಕೆ ಆಗಬೇಕು ಅಂದ್ರೆ ಎಜಿಎಂ. ಅದರಲ್ಲಿ ಆಸಿಡ್ ಗಾಜಿನ ನಾರಿನ ಹಾಳೆಯಲ್ಲಿ ಹೀರಿಕೊಂಡಿರುತ್ತದೆ, ಒಳಗಿನ ರೆಸಿಸ್ಟೆನ್ಸ್ ಕಮ್ಮಿ, ಹಾಗಾಗಿ ನೂರು ಆಂಪ್ ಕೇಳಿದರೂ ಮುಖ ಸಿಂಡರಿಸೋದಿಲ್ಲ. ನೀರು ಹಾಕುವ ರಗಳೆಯೂ ಇಲ್ಲ. ನಿಮ್ಮ ಬಳಕೆಗೆ 95 ರಿಂದ 100ರ ಎಜಿಎಂ, 800 ಸಿಸಿಎ ಆಸುಪಾಸು, ಕಣ್ಣು ಮುಚ್ಚಿ ತಗೊಳ್ಳಿ.

ಇಲ್ಲಿನ ನ್ಯಾಷನಲ್ ಕ್ಯಾರವಾನ್ ಕೌನ್ಸಿಲ್‌ನವರು ಲೆಜರ್ ಬ್ಯಾಟರಿಗಳನ್ನು ಪರೀಕ್ಷೆ ಮಾಡಿಸಿ ಎ, ಬಿ, ಸಿ ಅಂತ ವಿಂಗಡಿಸಿದ್ದಾರೆ. ಎ ಅಂದ್ರೆ ಕರೆಂಟ್ ಪಾಯಿಂಟ್ ಇಲ್ಲದ ಕಡೆ ಹೆಚ್ಚು ದಿನ ಉಳಿಯುವವರಿಗೆ. ಬಿ ಅಂದ್ರೆ ಹೆಚ್ಚಾಗಿ ಪಾಯಿಂಟ್ ಇರುವ ಕ್ಯಾರವಾನ್ ಸೈಟ್‌ಗೇ ಹೋಗಿ, ಮೂವರ್‌ನಂಥದ್ದಕ್ಕೆ ಮಾತ್ರ ಬ್ಯಾಟರಿ ಬೇಕಾದವರಿಗೆ. ಸಿ ಅಂದ್ರೆ ಅಪರೂಪಕ್ಕೆ ಸ್ವಲ್ಪ ಹೊತ್ತು ಪಾಯಿಂಟ್ ಇಲ್ಲದೆ ಕಳೆಯುವವರಿಗೆ. ಅಂಗಡಿಯಲ್ಲಿ ಆ ಗುರುತು ಕೇಳಿ. ಲೇಬಲ್ ಮೇಲೆ ದೊಡ್ಡದಾಗಿ ಬರೆದ ಆಂಪ್ ಅವರ್ ನಂಬೋದಕ್ಕಿಂತ ಅದು ವಾಸಿ.

ಅಬರ್ಡೀನ್ ಅಕ್ಕ

ಲೀಡ್ಸ್ ತಮ್ಮ, ನಿಮ್ಮ ಮನೆ ಮುಂದೆ ಏರು ಇಲ್ಲ ಅಂತ ಕಾಣುತ್ತೆ!

ನಾವೂ 100ರ ಲಿಥಿಯಂ ಹಾಕಿದ್ದೆವು. ಮೊದಲ ಸಲ ಸೈಟ್‌ನಲ್ಲಿ ಹುಲ್ಲಿನ ಮೇಲೆ ಏರಿಸುವಾಗ ಪಟ್ ಅಂತ ಎಲ್ಲಾ ಆಫ್. ಮೂವರ್ ಅಷ್ಟೇ ಅಲ್ಲ, ಒಳಗಿನ ಲೈಟು, ನೀರಿನ ಪಂಪು, ಅಲಾರಂ, ಎಲ್ಲಾ. ನವೆಂಬರ್ ತಿಂಗಳು, ಸಂಜೆ ನಾಲ್ಕೂವರೆಗೇ ಕತ್ತಲು, ಮಳೆ ಬೇರೆ. ನಮ್ಮವರು ಬ್ಯಾಟರಿ ಸುಟ್ಟೇಹೋಯ್ತು ಅಂತ ಕೂತರು. ಆಮೇಲೆ ಗೊತ್ತಾಗಿದ್ದು, ಲಿಥಿಯಂ ಬ್ಯಾಟರಿಯ ಒಳಗೆ ಬಿಎಂಎಸ್ ಅಂತ ಒಂದು ಕಾವಲುಗಾರ ಇರುತ್ತಾನೆ. ನಮ್ಮದರಲ್ಲಿ ಅವನ ಮಿತಿ 100 ಆಂಪ್. ಮೂವರ್ ಅದಕ್ಕಿಂತ ಜಾಸ್ತಿ ಕೇಳಿದ ತಕ್ಷಣ ಬಾಗಿಲು ಹಾಕಿಬಿಟ್ಟ. ಸೀಸದ ಬ್ಯಾಟರಿ ಆಗಿದ್ದರೆ ವೋಲ್ಟೇಜ್ ಇಳಿಸಿಕೊಂಡಾದರೂ ಕೊಡುತ್ತಿತ್ತು, ಇದರದ್ದು ಕೊಡೋದು, ಇಲ್ಲ ಬಂದ್, ಎರಡೇ. ಈಗ 200 ಆಂಪ್ ತಡೆಯುವ ಬಿಎಂಎಸ್ ಇರುವುದನ್ನು ಹಾಕಿದ್ದೇವೆ, ಅದು ಆನೆ ಥರ ಎಳೆಯುತ್ತದೆ, ಕೊನೇವರೆಗೂ ವೋಲ್ಟೇಜ್ ಇಳಿಯೋದೇ ಇಲ್ಲ. ಆದ್ದರಿಂದ ಲಿಥಿಯಂ ಬೇಡ ಅಂತ ಹೇಳ್ತಾ ಇಲ್ಲ. ತಗೊಂಡರೆ ಸತತವಾಗಿ ಎಷ್ಟು ಆಂಪ್ ಕೊಡುತ್ತದೆ ಅನ್ನೋದನ್ನು ಬರವಣಿಗೆಯಲ್ಲಿ ನೋಡಿ ತಗೊಳ್ಳಿ, ಮೂವರಿನ ಪುಸ್ತಕದಲ್ಲಿ ಬರೆದಿರುವ ಗರಿಷ್ಠ ಕರೆಂಟಿಗಿಂತ ಜಾಸ್ತಿ ಇರಬೇಕು. ಅಂಥದ್ದಕ್ಕೆ ನಿಮ್ಮ 150 ಪೌಂಡ್ ಸಾಲೋದು ಕಷ್ಟ.

ಇನ್ನೊಂದು, ಸೊನ್ನೆ ಡಿಗ್ರಿಗಿಂತ ಕೆಳಗೆ ಲಿಥಿಯಂ ಚಾರ್ಜ್ ಮಾಡಬಾರದು, ಸೆಲ್ ಹಾಳಾಗುತ್ತದೆ. ಒಳ್ಳೆಯದರಲ್ಲಿ ಬಿಎಂಎಸ್ ತಾನೇ ತಡೆಯುತ್ತದೆ, ಕೆಲವದರಲ್ಲಿ ಬೆಚ್ಚಗೆ ಮಾಡಿಕೊಳ್ಳುವ ಹೀಟರ್ ಕೂಡ ಇರುತ್ತದೆ. ನಿಮ್ಮ ಡರ್ಬಿಗಿಂತ ನಮ್ಮೂರಿಗೆ ಈ ಮಾತು ಜಾಸ್ತಿ ಅನ್ವಯಿಸುತ್ತದೆ ಅನ್ನಿ. ಮತ್ತೆ ಹಳೇ ಕ್ಯಾರವಾನಿನ ಚಾರ್ಜರ್ ಸೀಸದ ಬ್ಯಾಟರಿಗೆ ಅಂತ ಮಾಡಿದ್ದು. ಅದು ಲಿಥಿಯಂಗೆ ಒಪ್ಪುತ್ತದೆಯೋ ಇಲ್ಲವೋ ಕೇಳಿಯೇ ಹಾಕಬೇಕು.

ಲೀಡ್ಸ್ ಹುಡುಗ

ಅಕ್ಕಾ, ಸತ್ಯ ಹೇಳ್ಬೇಕಂದ್ರೆ ನಮ್ಮ ಸ್ಟೋರೇಜ್ ಯಾರ್ಡ್ ಟೇಬಲ್ ಥರ ಸಪಾಟಾಗಿದೆ 😄 ಮನೆಗೆ ತರೋದೇ ಇಲ್ಲ. ಈಗ ಲೇಬಲ್ ನೋಡಿದೆ, ನನ್ನದೂ 100 ಆಂಪೇ. ಇನ್ನು ಮೇಲೆ ಬಾಯಿ ಮುಚ್ಕೊಂಡಿರ್ತೀನಿ.

ಕೆಜಿ ಲೆಕ್ಕ

ಎಲ್ಲರೂ ಕರೆಂಟ್ ಮಾತಾಡ್ತಾ ಇದ್ದೀರಿ, ನಾನು ತೂಕದ ಮಾತಾಡ್ತೀನಿ, ಬೇಜಾರಾಗಬೇಡಿ.

ಡರ್ಬಿಯವರೇ, ನಿಮ್ಮ ಪ್ಲೇಟ್ ಮೇಲಿನ 1,450ರಲ್ಲಿ ನಿಮ್ಮ ಸಾಮಾನಿಗೆ ಉಳಿಯುವುದು ನೂರೋ ನೂರೈವತ್ತೋ ಕೆಜಿ ಇರಬಹುದು. ಹಿಂದಿನ ಮಾಲೀಕರು ಆಮೇಲೆ ಹಾಕಿಸಿದ ಮೂವರ್ ಒಂದೇ ಮೂವತ್ತು ಕೆಜಿ ಆಸುಪಾಸು ತಿಂದಿರುತ್ತದೆ. 110ರ ಸೀಸದ ಬ್ಯಾಟರಿ ಇಪ್ಪತ್ತೈದು ಕೆಜಿ. ಗ್ಯಾಸ್ ಸಿಲಿಂಡರ್, ಮುಂದೆ ಕಟ್ಟುವ ಟೆಂಟು, ನೀರಿನ ಪೀಪಾಯಿ, ಮಕ್ಕಳ ಸೈಕಲ್, ನಮ್ಮವರದ್ದಾದರೆ ಅಕ್ಕಿ ಮೂಟೆ, ಕುಕ್ಕರ್, ಮಿಕ್ಸಿ. ನಾವು ಒಂದು ಸಲ ತೂಕದ ಕಟ್ಟೆಗೆ ಹೋಗಿ ನೋಡಿದಾಗ ಮಿತಿಗಿಂತ 60 ಕೆಜಿ ಜಾಸ್ತಿ ಇತ್ತು. ಅರ್ಧ ಸಾಮಾನು ಕಾರಿನ ಡಿಕ್ಕಿಗೆ ತುಂಬಿದೆವು. ಹಾಗಾಗಿ ಎರಡು ಬ್ಯಾಟರಿ ಜೋಡಿಸಿ ಅಂತ ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ.

ಅಂಗಡಿಗೆ ಹೋಗುವ ಮುಂಚೆ ಬ್ಯಾಟರಿ ಡಬ್ಬ ಅಳೆಯಿರಿ. ಇಲ್ಲಿ ಸಾಮಾನ್ಯವಾಗಿ ಸಿಗುವ 110 ಅಳತೆ 353 ಉದ್ದ, 175 ಅಗಲ, 190 ಎತ್ತರ, ಎಲ್ಲ ಮಿಲಿಮೀಟರ್‌ನಲ್ಲಿ. ಒಂದೇ ಆಂಪ್ ಅವರ್ ಇದ್ದರೂ ಕೆಲವು ಎತ್ತರ ಜಾಸ್ತಿ, ಮುಚ್ಚಳ ಹಾಕೋಕೆ ಆಗೋದಿಲ್ಲ. ಪ್ಲಸ್ ತುದಿ ಯಾವ ಕಡೆ ಇದೆ ಅಂತಲೂ ನೋಡಿ. ಆ ದಪ್ಪ ವೈರ್ ಇನ್ನೊಂದು ಕಡೆಗೆ ಎಳೆದರೆ ಬರೋದಿಲ್ಲ. ನಾನು ಇದೇ ಕಾರಣಕ್ಕೆ ಎರಡು ಸಲ ಅಂಗಡಿಗೆ ಓಡಾಡಿದೆ. ಗಾಳಿ ಹೋಗುವ ಸಣ್ಣ ಪೈಪ್ ಒಂದಿರುತ್ತದೆ, ಚಾರ್ಜ್ ಆಗುವಾಗ ಬರುವ ಗ್ಯಾಸ್ ಹೊರಗೆ ಹೋಗೋಕೆ, ಅದನ್ನು ಮರೆಯದೆ ಸಿಕ್ಕಿಸಿ.

ತುಮಕೂರು ಟು ಡರ್ಬಿ

ಮಿಕ್ಸಿ ವಿಷಯ ನಿಮಗೆ ಹೇಗೆ ಗೊತ್ತಾಯ್ತು ಸಾರ್?

ಕೊನೆಯ ಪ್ರಶ್ನೆ. ಎಜಿಎಂ ಅಂತ ತೀರ್ಮಾನ ಮಾಡಿದ್ದೀವಿ. ಕ್ಯಾರವಾನ್ 2008ರದ್ದು. ಒಳಗಿನ ಹಳೇ ಚಾರ್ಜರ್‌ನಲ್ಲೇ ಆಗುತ್ತಾ? ಪೀಕ್ ಡಿಸ್ಟ್ರಿಕ್ಟ್‌ಗೆ ಹೋಗಿ ಬರುವ ದಾರಿಯಲ್ಲಿ ಕಾರಿನಿಂದ ಹೇಗೂ ಚಾರ್ಜ್ ಆಗುತ್ತೆ ಅಲ್ವಾ?

ವೈಂಡಿಂಗ್ ಅಂಗಡಿ

ಕಾರನ್ನು ನಂಬಬೇಡಿ. ಕಾರಿನ ಬ್ಯಾಟರಿಯಿಂದ ಹಿಂದಿನ ಕೊಂಡಿಯವರೆಗೆ, ಅಲ್ಲಿಂದ ಕ್ಯಾರವಾನಿನ ಬ್ಯಾಟರಿವರೆಗೆ ಸಣ್ಣ ವೈರಿನಲ್ಲಿ ಅಷ್ಟು ದೂರ ಬರುವಷ್ಟರಲ್ಲಿ ವೋಲ್ಟೇಜ್ ಸೋರಿ ನಾಲ್ಕೈದು ಆಂಪ್ ಸಿಕ್ಕರೆ ಪುಣ್ಯ. ಫ್ರಿಜ್ ಬೇರೆ ಅದೇ ದಾರಿಯಲ್ಲಿ ಕರೆಂಟ್ ಎಳೀತಾ ಇರುತ್ತದೆ. ಹೊಸ ಕಾರಾದರೆ ಕರೆಂಟ್ ಹುಟ್ಟಿಸುವ ಆಲ್ಟರ್ನೇಟರ್ ತನಗೆ ಬೇಡ ಅನಿಸಿದಾಗ ವೋಲ್ಟೇಜನ್ನೇ ಇಳಿಸಿಬಿಡುತ್ತದೆ. ಒಂದು ಗಂಟೆ ಪ್ರಯಾಣದಲ್ಲಿ ಖಾಲಿ ಬ್ಯಾಟರಿ ತುಂಬೋದಿಲ್ಲ.

ಹಳೇ ಚಾರ್ಜರ್ ಹಾಕಿ ಎರಡು ಮೂರು ಗಂಟೆ ಬಿಟ್ಟು ಬ್ಯಾಟರಿ ತುದಿಯಲ್ಲಿ ನೋಡಿ. ಕೆಲವು 13.8ಕ್ಕೆ ನಿಂತುಬಿಡುತ್ತವೆ, ಅದರಲ್ಲಿ ಎಜಿಎಂ ಬದುಕುತ್ತದೆ, ಆದರೆ ಪೂರ್ತಿ ತುಂಬೋಕೆ ತುಂಬಾ ಹೊತ್ತು ಬೇಕು, ಕ್ರಮೇಣ ಸೊರಗುತ್ತದೆ. 14.4 ಮುಟ್ಟಿದರೆ ಯೋಚನೆ ಇಲ್ಲ. ಮುಟ್ಟದಿದ್ದರೆ ಎಜಿಎಂ ಅಂತ ಬಟನ್ ಇರುವ ಸಣ್ಣ ಚಾರ್ಜರ್ ಒಂದು ತಗೊಂಡು ಹೊರಡುವ ಹಿಂದಿನ ದಿನ ಹಾಕಿ.

ಈ ಹೊಸದನ್ನೂ ಕೊಲ್ಲಬಾರದು ಅಂದ್ರೆ ಚಳಿಗಾಲದಲ್ಲಿ ನೋಡಿಕೊಳ್ಳಿ. ಅಲಾರಂ, ಟ್ರ್ಯಾಕರ್ ಎರಡೂ ಸೇರಿ 30 ಮಿಲಿ ಆಂಪ್ ಎಳೆದರೂ ತಿಂಗಳಿಗೆ 20 ಆಂಪ್ ಅವರ್ ಮೇಲೆ ಹೋಗುತ್ತದೆ. ಎರಡೂವರೆ ತಿಂಗಳು ಬಿಟ್ಟರೆ ಅರ್ಧ ಖಾಲಿ. ಸೀಸದ ಬ್ಯಾಟರಿ ಖಾಲಿಯಾಗಿ ಕೂತಷ್ಟೂ ಸಲ್ಫೇಟ್ ಕಟ್ಟುತ್ತದೆ, ನಿಮ್ಮ 85 ಸತ್ತಿದ್ದು ಹೀಗೇ ಇರಬೇಕು. 12.2 ತೋರಿಸಿದರೆ ಅರ್ಧ ಮುಗಿದಿದೆ ಅಂತ ಲೆಕ್ಕ, ಅಲ್ಲಿವರೆಗೆ ಬಿಡಲೇಬೇಡಿ. ಮನೆ ಮುಂದೆಯೇ ನಿಲ್ಲಿಸ್ತೀರಲ್ಲ, ತಿಂಗಳಿಗೊಂದು ದಿನ ಕರೆಂಟ್ ಚುಚ್ಚಿ, ಇಲ್ಲಾ ಮೇಲೆ ಒಂದು ಸೋಲಾರ್ ಪ್ಯಾನೆಲ್ ಹಾಕಿಸಿ. ಮೂವರ್ ಬಳಸಿದ ಮೇಲೆ ಅದಕ್ಕೆ ಬರುವ ಕರೆಂಟ್ ಪೂರ್ತಿ ಕಡಿಯುವ ಐಸೊಲೇಟರ್ ಸ್ವಿಚ್ಚಿನ ಕೀ ತಿರುಗಿಸಿ ತೆಗೆದಿಡಿ.

ಗೇಟಿನ ಅಂಚಿಗೆ ಇಳಿಜಾರಾಗಿ ಕೊಯ್ದ ಎರಡು ಹಲಗೆ ಮಾಡಿಸಿಕೊಳ್ಳಿ, ಒಂದೊಂದು ಚಕ್ರಕ್ಕೆ ಒಂದೊಂದು. ಎಷ್ಟು ದುಬಾರಿ ಬ್ಯಾಟರಿ ಹಾಕಿದರೂ ಆ ಅಂಚಿನಲ್ಲಿ ನೂರೈವತ್ತು ಆಂಪ್ ಯಾಕೆ ಸುಡಬೇಕು? ಆಮೇಲೆ ಏರಿನ ಮಧ್ಯೆ ನಿಲ್ಲಿಸಿ ನಿಲ್ಲಿಸಿ ಹೋಗಬೇಡಿ, ಪ್ರತಿ ಸಲ ಹೊರಡುವಾಗಲೂ ಕರೆಂಟ್ ಹಾರುತ್ತದೆ. ಕೆಳಗೇ ಗಾಡಿ ನೇರ ಮಾಡಿಕೊಂಡು ಒಂದೇ ಉಸಿರಿಗೆ ಹತ್ತಿಸಿ.

ತುಮಕೂರು ಟು ಡರ್ಬಿ

ಎರಡು ವಾರ ಆಯ್ತು, ವರದಿ ಒಪ್ಪಿಸ್ತಾ ಇದ್ದೀನಿ.

95ರ ಎಜಿಎಂ, ಲೇಬಲ್ ಮೇಲೆ 850 ಸಿಸಿಎ. 150 ಅಂದಿದ್ದೆ, 168 ಪೌಂಡ್ ಆಯ್ತು, ಮನೆಯಲ್ಲಿ 150 ಅಂತಲೇ ಹೇಳಿದ್ದೀನಿ, ಇಲ್ಲಿ ಯಾರೂ ಬಾಯಿ ಬಿಡಬೇಡಿ. ಡಬ್ಬ ಅಳೆದುಕೊಂಡು ಹೋಗಿದ್ದಕ್ಕೆ ಒಂದೇ ಸಲಕ್ಕೆ ಕೆಲಸ ಮುಗೀತು. ಮೊದಲು ನೋಡಿದ್ದರಲ್ಲಿ ಪ್ಲಸ್ ತುದಿ ಉಲ್ಟಾ ಇತ್ತು, ಕೆಜಿ ಲೆಕ್ಕ ಸಾರ್‌ಗೆ ಸ್ಪೆಷಲ್ ಥ್ಯಾಂಕ್ಸ್. ವೈರ್ ಮೇಲೆ 25 ಅಂತಲೇ ಇದೆ. ಹಳೇ ಚಾರ್ಜರ್ 13.8ಕ್ಕೆ ನಿಂತಿತು, ಹಾಗಾಗಿ ಬೇರೆ ಸಣ್ಣ ಚಾರ್ಜರ್‌ನಲ್ಲಿ ತುಂಬಿಸಿದೆ. ಗ್ಯಾರೇಜಿನಲ್ಲಿ ಬಿದ್ದಿದ್ದ ಹಳೇ ಮಂಚದ ಹಲಗೆ ಕೊಯ್ದು ಎರಡು ರ‍್ಯಾಂಪ್ ಮಾಡಿದೆ.

ಏರಿನಲ್ಲಿ ಬ್ಯಾಟರಿ ತುದಿಯಲ್ಲಿ 11.6, ಬಾಕ್ಸಿನಲ್ಲಿ 11.1. ಒಂದೇ ಉಸಿರಿಗೆ ಮೇಲೆ ಹೋಯ್ತು. ಹೋದ ಸಲ ತಳ್ಳಿದ ಪಕ್ಕದ ಮನೆಯವರು ಟೀ ಕಪ್ ಹಿಡಿದು ಆಚೆ ಬಂದು ನಿಂತಿದ್ದರು, ಕೆಲಸ ಇಲ್ಲ ಅಂತ ಗೊತ್ತಾಗಿ ಚಪ್ಪಾಳೆ ತಟ್ಟಿ ಒಳಗೆ ಹೋದರು.

ಆಮೇಲೆ ನಿನ್ನೆ ಹೊರಡೋಣ ಅಂತ ಇಳಿಸೋಕೆ ಹೋದರೆ ಏನು ಒತ್ತಿದರೂ ಮೂವರ್ ಅಲ್ಲಾಡಲಿಲ್ಲ. ಶಬ್ದವೂ ಇಲ್ಲ. ಬ್ಯಾಟರಿ 12.7 ಇದೆ, ಫ್ಯೂಸ್ ಸರಿ ಇದೆ, ಐಸೊಲೇಟರ್ ಆನ್ ಇದೆ. ಮುಕ್ಕಾಲು ಗಂಟೆ ಗಾಡಿ ಕೆಳಗೆ ಮಲಗಿ ಹುಡುಕಿದೆ, ಬಟ್ಟೆಯೆಲ್ಲ ಮಣ್ಣು. ಇನ್ನೇನು ಇಲ್ಲಿ ಬಂದು ನಿಮ್ಮನ್ನೇ ಕೇಳಬೇಕು ಅನ್ನುವಷ್ಟರಲ್ಲಿ ನನ್ನ ಎಂಟು ವರ್ಷದ ಮಗಳು ಟಿವಿ ರಿಮೋಟಿನ ಸೆಲ್ ತೆಗೆದು ತಂದು ಮೂವರ್ ರಿಮೋಟಿಗೆ ಹಾಕಿದಳು.

ವೈಂಡಿಂಗ್ ಅಂಗಡಿ

ಆ ಹುಡುಗಿಯನ್ನು ನಮ್ಮ ಅಂಗಡಿಗೆ ಕಳಿಸಿ.